ಲದ್ದಿಹುಳು, ಮೆಕ್ಕೆಜೋಳ ಮತ್ತು ಒಂದು ಸಣ್ಣ ಪ್ರಶ್ನೆ

(ದಾವಣಗೆರೆಯಲ್ಲಿ ಜೀವವಿಜ್ಞಾನ ಓದುತ್ತಿರುವ ಬಿಎಸ್ಸಿ, ಎಂಎಸ್ಸಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಕೆಲವರು ಅಪ್ಪ ಅಮ್ಮನನ್ನೂ ಕರೆದುಕೊಂಡು ಬಂದಿದ್ದರು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ಮಾಲಿಕ್ಯುಲರ್ ಬಯಾಲಜಿ ಮತ್ತು ಜೆನೆಟಿಕ್ಸ್‌ನಲ್ಲಿ ಸಂಶೋಧನೆ. ಆ ಹೆಸರು ಕೇಳಿದ ತಕ್ಷಣ ಮನಸ್ಸು ಬೆಂಗಳೂರು, ಹೈದರಾಬಾದ್, ಅಮೆರಿಕ ಅಂತ ಓಡುತ್ತದೆ. ನಾನು ಇವತ್ತು ಆದಷ್ಟು ಜಗಳೂರು, ಹರಿಹರ, ಚನ್ನಗಿರಿ ಸುತ್ತಮುತ್ತಲೇ ಇರಬೇಕು ಅಂತ ತೀರ್ಮಾನ ಮಾಡಿ ಬಂದಿದ್ದೇನೆ.

ಇಲ್ಲಿ ಎಷ್ಟು ಜನರ ಮನೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ? ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ದಾವಣಗೆರೆ ಅಂದಮೇಲೆ ಕೇಳಬೇಕೇ? ಹಾಗಾದರೆ ಒಂದು ಪ್ರಶ್ನೆ. ಹೋದ ವರ್ಷದ ಬೆಳೆಯಲ್ಲಿ ಒಳ್ಳೆಯ ತೆನೆ ಆರಿಸಿಟ್ಟು ಅದನ್ನೇ ಈ ವರ್ಷ ಬಿತ್ತಬಹುದಲ್ಲ? ಪ್ರತಿ ಮುಂಗಾರಿಗೂ ಅಂಗಡಿಗೆ ಹೋಗಿ, ಸಾಲಿನಲ್ಲಿ ನಿಂತು, ದುಡ್ಡು ಕೊಟ್ಟು ಬೀಜದ ಪ್ಯಾಕೆಟ್ ಯಾಕೆ ತರುತ್ತೀರಿ?

ಹಿಂದಿನ ಸಾಲಿನಲ್ಲಿದ್ದ ಯಜಮಾನರೊಬ್ಬರು ಕೂತಲ್ಲಿಂದಲೇ ಹೇಳಿದರು: “ಅದನ್ನ ಬಿತ್ತಿದ್ರೆ ಒಂದೊಂದು ಗಿಡ ಒಂದೊಂದು ನಮೂನಿ ಬರ್ತಾವೆ ಮೇಡಂ. ಒಂದು ಎತ್ತರ, ಒಂದು ಗಿಡ್ಡ. ತೆನೇನೂ ಸಣ್ಣ. ಇಳುವರಿ ಸಿಗಲ್ಲ.”

ಅಷ್ಟೇ. ಬಿಎಸ್ಸಿ ಪುಸ್ತಕದಲ್ಲಿ ಎಫ್2 ಪೀಳಿಗೆ ಅಂತ ಓದಿದ್ದೀರಲ್ಲ, ಯಜಮಾನರು ಹೇಳಿದ್ದು ಅದನ್ನೇ. ಅಂಗಡಿಯಲ್ಲಿ ಸಿಗುವ ಹೈಬ್ರಿಡ್ ಬೀಜಕ್ಕೆ ಎರಡು ಬೇರೆ ಬೇರೆ ತಳಿಗಳು ತಂದೆ ತಾಯಿ. ಆ ಮೊದಲ ಪೀಳಿಗೆಯ ಗಿಡಗಳೆಲ್ಲ ಒಂದೇ ಸಮ, ಒಳ್ಳೆ ಹುರುಪು. ಅವುಗಳ ಮಕ್ಕಳಲ್ಲಿ ಜೀನ್‌ಗಳು ಮತ್ತೆ ಬಿಡಿಬಿಡಿಯಾಗಿ ಹಂಚಿಹೋಗುತ್ತವೆ, ಹಾಗಾಗಿ ಹೊಲ ಏರುಪೇರಾಗುತ್ತದೆ. ಮೆಂಡೆಲ್ ಇದನ್ನು ಬಟಾಣಿ ಗಿಡದಲ್ಲಿ ಲೆಕ್ಕ ಹಾಕಿ 1866ರಲ್ಲಿ ಅಚ್ಚು ಹಾಕಿಸಿದ. ನಮ್ಮ ಯಜಮಾನರು ಅದನ್ನು ತಮ್ಮ ಹೊಲದಲ್ಲೇ ನಷ್ಟ ಅನುಭವಿಸಿ ಕಲಿತರು.

ಇಬ್ಬರೂ ನೋಡಿದ್ದು ಒಂದೇ. ಆದರೆ ಮೆಂಡೆಲ್ ಒಂದು ಕೆಲಸ ಜಾಸ್ತಿ ಮಾಡಿದ. ಗಿಡದ ಎಲ್ಲವನ್ನೂ ಒಟ್ಟಿಗೆ ನೋಡಲಿಲ್ಲ. ಕಾಳು ದುಂಡಗಿದೆಯೋ ಸುಕ್ಕಾಗಿದೆಯೋ? ಹಸಿರೋ ಹಳದಿಯೋ? ಒಂದು ಸಲಕ್ಕೆ ಒಂದು ಪ್ರಶ್ನೆ. ಕೂತು ಎಣಿಸಿದ. ನಾನು ಇವತ್ತು ಹೇಳಬೇಕೆಂದುಕೊಂಡು ಬಂದದ್ದೂ ಇಷ್ಟೇ. ಉತ್ತರ ಸಿಗುವಷ್ಟು ಸಣ್ಣ ಪ್ರಶ್ನೆ ಕೇಳುವುದನ್ನು ಕಲಿಯಬೇಕು. ಸಿಕ್ಕ ಉತ್ತರವನ್ನು ಬೇರೆಯವರಿಗಿಂತ ಮೊದಲು ನಾವೇ ಅನುಮಾನಿಸಬೇಕು. ಪಿಎಚ್‌ಡಿಯ ಐದಾರು ವರ್ಷ ಈ ಎರಡರಲ್ಲೇ ಕಳೆಯುತ್ತದೆ. ಮಿಕ್ಕಿದ್ದೆಲ್ಲ ಪೈಪೆಟ್ ಹಿಡಿಯುವ ಕೈಚಳಕ. ಅದು ಆರು ತಿಂಗಳಲ್ಲಿ ಬರುತ್ತದೆ.

ಮೆಕ್ಕೆಜೋಳದ ಹೊಲದಲ್ಲೇ ಇನ್ನೂ ಸ್ವಲ್ಪ ಹೊತ್ತು ಇರೋಣ. ಬಾರ್ಬರಾ ಮೆಕ್‌ಕ್ಲಿಂಟಾಕ್ ಅಂತ ಅಮೆರಿಕದ ವಿಜ್ಞಾನಿ. ಹುಟ್ಟಿದ್ದು 1902ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದ್ದು 1927ರಲ್ಲಿ. ಮೆಕ್ಕೆಜೋಳದಲ್ಲಿ ಹತ್ತು ಜೊತೆ ಕ್ರೋಮೋಸೋಮ್ ಇವೆ. ಮೈಕ್ರೋಸ್ಕೋಪಿನಲ್ಲಿ ನೋಡಿ ಹತ್ತನ್ನೂ ಒಂದೊಂದಾಗಿ ಗುರುತಿಸಿದವರು ಅವರು. ಆಮೇಲೆ ಅವರ ಕಣ್ಣು ಬಿದ್ದದ್ದು ಕಾಳಿನ ಮೇಲಿನ ಚುಕ್ಕೆಗಳ ಮೇಲೆ.

ನಮ್ಮ ಎಪಿಎಂಸಿಗೆ ಬರುವ ಮೆಕ್ಕೆಜೋಳ ಬಹುಪಾಲು ಹಳದಿ. ಅವರ ಹೊಲದಲ್ಲಿದ್ದದ್ದು ನೇರಳೆ, ಬಿಳಿ, ಹಳದಿ ಕಾಳಿನ ತಳಿಗಳು. ಕೆಲವು ತೆನೆಗಳಲ್ಲಿ ಬಣ್ಣವಿಲ್ಲದ ಕಾಳಿನ ಮೇಲೆ ನೇರಳೆ ಚುಕ್ಕೆಗಳು. ಸಿಂಪಡಿಸಿದ ಹಾಗೆ. ಒಂದು ಕಾಳಿನಲ್ಲಿ ದೊಡ್ಡ ಮಚ್ಚೆ, ಪಕ್ಕದ ಕಾಳಿನಲ್ಲಿ ಸಾಸಿವೆಗಿಂತ ಸಣ್ಣವು. ಇಂಥದ್ದನ್ನು ನೋಡಿದವರು ಅವರೊಬ್ಬರೇ ಅಲ್ಲ. ಯಾಕೆ ಹೀಗೆ ಅಂತ ಬೆನ್ನು ಹತ್ತಿ ಕೊನೆಯವರೆಗೂ ಹೋದವರು ಅವರು.

ಅವರು ಕಂಡುಕೊಂಡದ್ದು ಇದು. ನೇರಳೆ ಬಣ್ಣ ಮಾಡುವ ಜೀನ್ ಒಳಗೆ ಡಿಎನ್‌ಎಯ ಇನ್ನೊಂದು ತುಂಡು ಬಂದು ಕೂತಿರುತ್ತದೆ. ಹಾಗಾಗಿ ಆ ಜೀನ್ ಕೆಲಸ ಮಾಡುವುದಿಲ್ಲ, ಕಾಳಿಗೆ ಬಣ್ಣ ಬರುವುದಿಲ್ಲ. ಕಾಳು ಬೆಳೆಯುತ್ತಿರುವಾಗ ಯಾವುದೋ ಒಂದು ಜೀವಕೋಶದಲ್ಲಿ ಆ ತುಂಡು ಎದ್ದು ಬೇರೆ ಕಡೆ ಹಾರಿಬಿಡುತ್ತದೆ. ಜೀನ್ ಮತ್ತೆ ಸರಿಯಾಗುತ್ತದೆ. ಆ ಕೋಶದಿಂದ ಹುಟ್ಟಿದ ಕೋಶಗಳೆಲ್ಲ ನೇರಳೆ. ತುಂಡು ಬೇಗ ಹಾರಿದ್ದರೆ ಆ ಕೋಶಕ್ಕೆ ಸಂತಾನ ಜಾಸ್ತಿ, ಮಚ್ಚೆ ದೊಡ್ಡದು. ತಡವಾಗಿ ಹಾರಿದ್ದರೆ ಚುಕ್ಕೆ ಸಣ್ಣದು. ಅಂದರೆ ಚುಕ್ಕೆಯ ಗಾತ್ರ ನೋಡಿ, ಜೀನ್ ಯಾವಾಗ ಸರಿಹೋಯಿತು ಅಂತ ಹೇಳಬಹುದು. ಡಿಎನ್‌ಎಯ ರಚನೆ ಏನು ಅಂತಲೇ ಆಗ ಗೊತ್ತಿರಲಿಲ್ಲ. ವಾಟ್ಸನ್ ಮತ್ತು ಕ್ರಿಕ್ ಅದನ್ನು ಹೇಳಿದ್ದು 1953ರಲ್ಲಿ. ಮೆಕ್‌ಕ್ಲಿಂಟಾಕ್ ಈ ಲೆಕ್ಕವನ್ನು ಅಚ್ಚು ಮಾಡಿದ್ದು 1950ರಲ್ಲೇ. ಬರೀ ಕಾಳು ನೋಡಿ, ಕ್ರಾಸ್ ಮಾಡಿ, ಮೈಕ್ರೋಸ್ಕೋಪಿನಲ್ಲಿ ಕ್ರೋಮೋಸೋಮ್ ನೋಡಿ!

ಜನ ಅಷ್ಟಾಗಿ ಕಿವಿಗೊಡಲಿಲ್ಲ. ಜೀನ್ ಅಂದರೆ ಒಂದು ಜಾಗದಲ್ಲಿ ಗಟ್ಟಿಯಾಗಿ ಕೂತಿರುವ ವಸ್ತು ಅಂತ ಎಲ್ಲರೂ ನಂಬಿದ್ದ ಕಾಲ ಅದು. ಆಮೇಲೆ ಬ್ಯಾಕ್ಟೀರಿಯಾದಲ್ಲೂ ಇಂಥ ಹಾರುವ ತುಂಡುಗಳು ಸಿಕ್ಕವು, ನೊಣದಲ್ಲೂ ಸಿಕ್ಕವು. 1983ರಲ್ಲಿ ಅವರಿಗೆ ನೊಬೆಲ್ ಬಂತು, ಯಾರ ಜೊತೆಗೂ ಹಂಚಿಕೊಳ್ಳದೆ. ಆಗ ವಯಸ್ಸು 81. ಮೆಕ್ಕೆಜೋಳದ ಪೂರ್ತಿ ಜೀನೋಮ್, ಅಂದರೆ ಅದರ ಎಲ್ಲ ಡಿಎನ್‌ಎ, ಓದಿ ಪ್ರಕಟಿಸಿದ್ದು 2009ರಲ್ಲಿ. ಸುಮಾರು 230 ಕೋಟಿ ಅಕ್ಷರ. ಅದರಲ್ಲಿ ಹತ್ತಿರ ಹತ್ತಿರ ಶೇ 85ರಷ್ಟು ಈ ಹಾರುವ ತುಂಡುಗಳು, ಅಥವಾ ಹಿಂದೆ ಯಾವಾಗಲೋ ಹಾರಿ ಈಗ ಸುಮ್ನೆ ಬಿದ್ದಿರುವ ಅವುಗಳ ಅವಶೇಷ. ನಿಮ್ಮ ಹೊಲದ ಪ್ರತಿ ಕಾಳಿನಲ್ಲೂ ಅದಿದೆ.

ಅವರಿಗೆ ನಮ್ಮ ಹಾಗೆ ಯಂತ್ರಗಳಿರಲಿಲ್ಲ, ಆದರೂ ಸಾಧಿಸಿದರು ಅಂತ ಈ ಕತೆಯನ್ನು ಹೇಳುವವರುಂಟು. ನನಗೆ ಆ ಧಾಟಿ ಹಿಡಿಸುವುದಿಲ್ಲ. ಯಂತ್ರ ಇದ್ದರೆ ಒಳ್ಳೆಯದೇ. ನಾನು ಅವರಿಂದ ತೆಗೆದುಕೊಳ್ಳುವುದು ಬೇರೆ. ಅವರು ಕೇಳಿದ ಪ್ರಶ್ನೆಯ ಅಳತೆ. ‘ಬಣ್ಣ ಹೇಗೆ ಬರುತ್ತದೆ’ ಅಂತ ಅವರು ಹೊರಟಿದ್ದರೆ ಇನ್ನೂ ಅಲ್ಲೇ ಇರುತ್ತಿದ್ದರು.

ಈಗ ಹುಳುವಿಗೆ ಬರೋಣ. ಹೆಸರು ಹೇಳಿದ ಕೂಡಲೇ ಹಿಂದಿನ ಸಾಲಿನವರ ಮುಖ ಗಂಟಿಕ್ಕಿತು. ಲದ್ದಿಹುಳು. ಪತ್ರಿಕೆಯವರು ಸೈನಿಕ ಹುಳು ಅನ್ನುತ್ತಾರೆ, ಇಲಾಖೆಯವರು ಫಾಲ್ ಆರ್ಮಿವರ್ಮ್ ಅನ್ನುತ್ತಾರೆ. ವಿಜ್ಞಾನದ ಹೆಸರು ಸ್ಪೋಡಾಪ್ಟೆರಾ ಫ್ರೂಜಿಪರ್ಡಾ. ಇದರ ತವರು ಅಮೆರಿಕ ಖಂಡಗಳು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು. ಭಾರತದಲ್ಲಿ ಮೊದಲು ಗುರುತಿಸಿದ್ದು 2018ರಲ್ಲಿ, ಎಲ್ಲೋ ಅಲ್ಲ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಮೆಕ್ಕೆಜೋಳದ ಸುಳಿಯೊಳಗೆ ಕೂತು, ಎಲೆ ಕೆರೆದು ತಿಂದು, ಒದ್ದೆ ಮರದ ಪುಡಿಯ ಹಾಗೆ ಹಿಕ್ಕೆ ಹಾಕಿರುತ್ತದೆ. ಹುಳುವನ್ನು ಕೈಗೆ ತೆಗೆದುಕೊಂಡು ತಲೆಯ ಕಡೆ ನೋಡಿ. ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾದ ಹಾಗೆ ಬಿಳಿ ಗೆರೆ. ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕೆ, ಚೌಕದ ನಾಲ್ಕು ಮೂಲೆಯ ಹಾಗೆ. ಇವೆರಡೂ ಇದ್ದರೆ ಅದೇ.

ನನಗೆ ಈ ಹುಳುವಿನ ಪರಿಚಯ ಅದಕ್ಕೂ ಮೊದಲಿನದು. ಮುಖಾಮುಖಿ ಅಲ್ಲ, ಅದರ ಜೀವಕೋಶಗಳದ್ದು. 1977ರಲ್ಲಿ ಅಮೆರಿಕದ ವಿಜ್ಞಾನಿಗಳು ಇದೇ ಹುಳುವಿನ ಕೋಶಾವಸ್ಥೆಯಲ್ಲಿ, ಅಂದರೆ ಹುಳು ಪತಂಗವಾಗುವ ಮೊದಲಿನ ಹಂತದಲ್ಲಿ, ಅಂಡಾಶಯದಿಂದ ಕೋಶಗಳನ್ನು ತೆಗೆದು ಲ್ಯಾಬಿನಲ್ಲಿ ಬೆಳೆಸಿದರು. ಅದರಿಂದ ಬೇರ್ಪಡಿಸಿದ ಒಂದು ವಂಶಕ್ಕೆ ಎಸ್‌ಎಫ್9 ಅಂತ ಹೆಸರು. ಎಸ್ ಅಂದರೆ ಸ್ಪೋಡಾಪ್ಟೆರಾ, ಎಫ್ ಅಂದರೆ ಫ್ರೂಜಿಪರ್ಡಾ. ಆ ಕೋಶಗಳು ಇನ್ನೂ ಬದುಕಿವೆ. ಪ್ರಪಂಚದ ನೂರಾರು ಲ್ಯಾಬುಗಳಲ್ಲಿ ಫ್ಲಾಸ್ಕಿನೊಳಗೆ ಬೆಳೆಯುತ್ತಿವೆ. ಕೀಟಗಳಿಗೆ ತಗಲುವ ಬ್ಯಾಕ್ಯುಲೋವೈರಸ್ ಅಂತ ಒಂದಿದೆ. ಅದರೊಳಗೆ ನಮಗೆ ಬೇಕಾದ ಜೀನ್ ಸೇರಿಸಿ ಈ ಕೋಶಗಳಿಗೆ ಹಾಕಿದರೆ, ಕೋಶ ಆ ಪ್ರೋಟೀನನ್ನು ಮಾಡಿ ಕೊಡುತ್ತದೆ. ನೋವಾವ್ಯಾಕ್ಸ್‌ನ ಕೋವಿಡ್ ಲಸಿಕೆಯ ಪ್ರೋಟೀನ್ ತಯಾರಾದದ್ದು ಎಸ್‌ಎಫ್9 ಕೋಶಗಳಲ್ಲೇ. ಅದನ್ನೇ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಕೋವೋವ್ಯಾಕ್ಸ್ ಅಂತ ಮಾಡಿತು. 2021ರ ಡಿಸೆಂಬರಿನಲ್ಲಿ ನಮ್ಮ ದೇಶದಲ್ಲಿ ತುರ್ತು ಬಳಕೆಗೆ ಅನುಮತಿ ಸಿಕ್ಕಿತು.

ನಾನು ಪಿಎಚ್‌ಡಿ ಮಾಡುವಾಗ ಈ ಕೋಶಗಳನ್ನು ಸಾಕುತ್ತಿದ್ದೆ. 27 ಡಿಗ್ರಿ ಇಟ್ಟರೆ ಸಾಕು, ಮನುಷ್ಯರ ಕೋಶಗಳ ಹಾಗೆ ಕಾರ್ಬನ್ ಡೈಆಕ್ಸೈಡ್ ಬೇಕು ಅಂತ ಹಠ ಇಲ್ಲ. ಸುಮಾರು ಒಂದು ದಿನಕ್ಕೆ ದುಪ್ಪಟ್ಟಾಗುತ್ತವೆ. ಮೂರ್ನಾಲ್ಕು ದಿನಕ್ಕೊಮ್ಮೆ ಹೊಸ ಆಹಾರ ಕೊಟ್ಟು ಬೇರೆ ಫ್ಲಾಸ್ಕಿಗೆ ದಾಟಿಸಬೇಕು. ಹಬ್ಬ ಇರಲಿ, ಮದುವೆ ಇರಲಿ, ದಾಟಿಸಲೇಬೇಕು. ಹೊಲದಲ್ಲಿ ಆ ಹುಳುವನ್ನು ಕೊಲ್ಲಲು ಜನ ತೌಡು, ಬೆಲ್ಲಕ್ಕೆ ವಿಷ ಕಲಸಿ ಸುಳಿಗೆ ಹಾಕುತ್ತಿದ್ದಾರೆ ಅಂತ ಊರಿನಿಂದ ಫೋನ್ ಬಂದಾಗ, ನನಗೆ ಎಂಥದೋ ಮುಜುಗರ.

ಸರಿ, ಪ್ರಶ್ನೆಗೆ ಬರುತ್ತೇನೆ. ಈ ಹುಳುವಿನಲ್ಲಿ ಎರಡು ಒಳತಳಿ ಇವೆ. ಒಂದನ್ನು ಜೋಳದ ತಳಿ ಅನ್ನುತ್ತಾರೆ, ಇಲ್ಲಿ ಜೋಳ ಅಂದರೆ ಮೆಕ್ಕೆಜೋಳ. ಇನ್ನೊಂದು ಭತ್ತದ ತಳಿ. ಕಣ್ಣಿಗೆ ಎರಡೂ ಒಂದೇ ಥರ. ಬೇರೆ ಮಾಡಿ ಹೇಳಬೇಕಾದರೆ ಡಿಎನ್‌ಎ ಓದಬೇಕು. ಅದಕ್ಕೆ ಎರಡು ಗುರುತುಗಳನ್ನು ಬಳಸುತ್ತಾರೆ. ಒಂದು ಸಿಒಐ ಅನ್ನುವ ಜೀನ್. ಅದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿದೆ, ಹಾಗಾಗಿ ತಾಯಿಯಿಂದ ಮಾತ್ರ ಬರುತ್ತದೆ. ಇನ್ನೊಂದು ಟಿಪಿಐ. ಅದು ಝಡ್ ಅನ್ನುವ ಲಿಂಗ ಕ್ರೋಮೋಸೋಮಿನ ಮೇಲಿದೆ.

ಇಲ್ಲೊಂದು ಸೊಗಸು ಇದೆ, ಸ್ವಲ್ಪ ನಿಧಾನವಾಗಿ ಕೇಳಿ. ನಮ್ಮಲ್ಲಿ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ. ಪತಂಗಗಳಲ್ಲಿ ಉಲ್ಟಾ. ಗಂಡಿಗೆ ಎರಡು ಝಡ್. ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯು. ಆ ಡಬ್ಲ್ಯು ತಾಯಿಯಿಂದ ಬಂದದ್ದು. ಅಂದಮೇಲೆ ಹೆಣ್ಣು ಪತಂಗದ ಒಂದೇ ಒಂದು ಝಡ್ ಯಾರದ್ದು? ಅಪ್ಪನದ್ದು. ಹಾಗಾಗಿ ಒಂದು ಹೆಣ್ಣು ಹುಳುವಿನಲ್ಲಿ ಸಿಒಐ ಓದಿದರೆ ಅಮ್ಮನ ಕಡೆ ಗೊತ್ತಾಗುತ್ತದೆ, ಟಿಪಿಐ ಓದಿದರೆ ಅಪ್ಪನ ಕಡೆ ಗೊತ್ತಾಗುತ್ತದೆ. ಎರಡೂ ಒಂದೇ ತಳಿ ಹೇಳಬೇಕು ಅಲ್ವಾ? ಭಾರತಕ್ಕೆ ಬಂದ ಹುಳುಗಳಲ್ಲಿ ಬಹಳಷ್ಟಕ್ಕೆ ಹಾಗೆ ಹೊಂದುವುದಿಲ್ಲ. ಸಿಒಐ ಕೇಳಿದರೆ ಭತ್ತದ ತಳಿ ಅನ್ನುತ್ತದೆ, ಟಿಪಿಐ ಕೇಳಿದರೆ ಜೋಳದ ತಳಿ ಅನ್ನುತ್ತದೆ. ಹಿಂದೆ ಯಾವಾಗಲೋ ಎರಡು ತಳಿ ಬೆರೆತಿವೆ ಅನ್ನುವುದಕ್ಕೆ ಇದೊಂದು ಸುಳಿವು. ಆಫ್ರಿಕಾದ ಹುಳುಗಳಲ್ಲೂ ಇಂಥದ್ದೇ ಬೆರಕೆ ಕಂಡಿದೆ.

ಈಗ ನೀವು ಎಂಎಸ್ಸಿ ಎರಡನೇ ವರ್ಷದಲ್ಲಿ ಪ್ರಾಜೆಕ್ಟ್ ಮಾಡಬೇಕು ಅಂದುಕೊಳ್ಳಿ. ‘ಕರ್ನಾಟಕದಲ್ಲಿ ಲದ್ದಿಹುಳು ನಿಯಂತ್ರಣ’ ಅಂತ ತಲೆಬರಹ ಹಾಕಿ ಗೈಡ್ ಹತ್ತಿರ ಹೋಗುವವರೇ ಜಾಸ್ತಿ. ಅದು ಒಂದು ಇಲಾಖೆ ಇಪ್ಪತ್ತು ವರ್ಷ ಮಾಡುವ ಕೆಲಸ. ಅದರ ಬದಲು ಹೀಗೆ ಕೇಳಿ: ಜಗಳೂರಿನ ಮೆಕ್ಕೆಜೋಳದಲ್ಲಿ ಸಿಕ್ಕ ಹುಳು, ಪಕ್ಕದ ಹೊಲದ ಬಿಳಿಜೋಳದಲ್ಲಿ ಸಿಕ್ಕ ಹುಳು, ಇವೆರಡರಲ್ಲಿ ಈ ಗುರುತುಗಳು ಒಂದೇ ಥರ ಇವೆಯೋ ಬೇರೆಯೋ? ಇದಕ್ಕೆ ಉತ್ತರ ಸಿಗುತ್ತದೆ. ಹೌದು ಅಂದರೂ ಉಪಯೋಗ, ಇಲ್ಲ ಅಂದರೂ ಉಪಯೋಗ. ಯಾವ ಉತ್ತರ ಬಂದರೂ ಉಪಯೋಗಕ್ಕೆ ಬರುವ ಪ್ರಶ್ನೆಯನ್ನು ಬಿಡಬೇಡಿ. ಅಂಥವು ಕಡಿಮೆ.

ಹುಳು ಹೇಗೆ ಹಿಡಿಯುತ್ತೀರಿ? ಒಂದೇ ಹೊಲಕ್ಕೆ ಹೋಗಿ ಅಕ್ಕಪಕ್ಕದ ಗಿಡಗಳಿಂದ ಹತ್ತು ಹುಳು ತಂದರೆ ಹತ್ತು ಸ್ಯಾಂಪಲ್ ಆಗುತ್ತದೆಯೇ? ಆಗುವುದಿಲ್ಲ. ಈ ಪತಂಗ ಮೊಟ್ಟೆಗಳನ್ನು ಒಂದೇ ಕಡೆ ಗುಂಪಾಗಿ ಇಡುತ್ತದೆ. ನೀವು ತಂದ ಹತ್ತೂ ಅಣ್ಣ ತಮ್ಮ, ಅಕ್ಕ ತಂಗಿ ಇರಬಹುದು. ಅವು ಹತ್ತು ಸಲ ಒಂದೇ ಉತ್ತರ ಹೇಳುತ್ತವೆ, ನೀವು ಖುಷಿಪಡುತ್ತೀರಿ. ಹಾಗಾಗಿ ದೂರ ದೂರದ ಹೊಲಗಳಿಗೆ ಹೋಗಬೇಕು, ಪ್ರತಿ ಹೊಲದ್ದೂ ಬೇರೆ ಟ್ಯೂಬು. ಟ್ಯೂಬಿನ ಮೇಲೆ ಊರು, ಬೆಳೆ, ತಾರೀಕು. ಸೀಸದ ಕಡ್ಡಿಯಲ್ಲಿ ಬರೆದ ಚೀಟಿಯೊಂದನ್ನು ಒಳಗೂ ಹಾಕಿ. ಮಾರ್ಕರ್ ಪೆನ್ನಿನ ಶಾಯಿ ಆಲ್ಕೋಹಾಲ್ ತಗುಲಿದರೆ ಅಳಿಸಿಹೋಗುತ್ತದೆ. ಶೇ 95ರ ಎಥನಾಲ್‌ನಲ್ಲಿ ಇಡಿ. ಮ್ಯೂಸಿಯಂ ಜಾಡಿಯ ಫಾರ್ಮಲಿನ್ ಬೇಡವೇ ಬೇಡ. ಅದರಲ್ಲಿ ಹುಳುವಿನ ಆಕಾರ ಚೆನ್ನಾಗಿ ಉಳಿಯುತ್ತದೆ, ಡಿಎನ್‌ಎ ಕೆಡುತ್ತದೆ.

ಲ್ಯಾಬಿಗೆ ಬಂದ ಮೇಲೆ ಡಿಎನ್‌ಎ ಬೇರ್ಪಡಿಸಿ, ಪಿಸಿಆರ್ ಮಾಡಬೇಕು, ಅಂದರೆ ಬೇಕಾದ ತುಂಡನ್ನು ಮತ್ತೆ ಮತ್ತೆ ನಕಲು ಮಾಡಬೇಕು. ಪಿಸಿಆರ್ ನಿಮಗೆ ಗೊತ್ತಿರುವುದೇ. 95 ಡಿಗ್ರಿಗೆ ಕಾಯಿಸಿದರೆ ಡಿಎನ್‌ಎಯ ಎರಡು ಎಳೆ ಬಿಡುತ್ತವೆ. ಸುಮಾರು 50 ಡಿಗ್ರಿಗೆ ಇಳಿಸಿದರೆ ಪ್ರೈಮರ್, ಅಂದರೆ ನಕಲು ಎಲ್ಲಿಂದ ಶುರು ಅಂತ ತೋರಿಸುವ ಪುಟ್ಟ ತುಂಡು, ಹೋಗಿ ಕೂರುತ್ತದೆ. 72 ಡಿಗ್ರಿಯಲ್ಲಿ ಟ್ಯಾಕ್ ಎನ್‌ಜೈಮ್ ಹೊಸ ಎಳೆ ಕಟ್ಟುತ್ತದೆ. 30 ಸಲ ತಿರುಗಿಸಿದರೆ, ಲೆಕ್ಕದ ಪ್ರಕಾರ, ಒಂದು ತುಂಡು ನೂರು ಕೋಟಿ ದಾಟುತ್ತದೆ. ಸಿಒಐಯಲ್ಲಿ ನಮಗೆ ಬೇಕಾದ ಭಾಗ 658 ಅಕ್ಷರ. ಅಗರೋಸ್ ಜೆಲ್‌ನಲ್ಲಿ ವಿದ್ಯುತ್ ಹಾಯಿಸಿ ಓಡಿಸಿ, ಯುವಿ ಬೆಳಕಿನಲ್ಲಿ ನೋಡಿದರೆ ಕಿತ್ತಳೆ ಬಣ್ಣದ ಗೆರೆ ಹೊಳೆಯುತ್ತದೆ. ಮೊದಲ ಸಲ ನೋಡಿದವರು ಫೋಟೋ ತೆಗೆದು ಸ್ಟೇಟಸ್ ಹಾಕುತ್ತಾರೆ. ಹಾಕಿ, ತಪ್ಪಿಲ್ಲ.

ಆದರೆ ಹಾಕುವ ಮೊದಲು ಜೆಲ್‌ನ ಕೊನೆಯ ಲೇನ್, ಅಂದರೆ ಕೊನೆಯ ಸಾಲು, ನೋಡಿ. ಅಲ್ಲಿ ಹುಳುವಿನ ಡಿಎನ್‌ಎ ಬದಲು ಬರೀ ನೀರು ಹಾಕಿದ್ದಿರಿ. ಅಲ್ಲಿಯೂ ಅದೇ ಜಾಗದಲ್ಲಿ ಮಸುಕಾದ ಗೆರೆ ಇದೆಯೇ?

ಇದ್ದರೆ ಇವತ್ತಿನ ಜೆಲ್ ಪೂರ್ತಿ ಡಸ್ಟ್‌ಬಿನ್ನಿಗೆ. ಹುಳುವಿನ ಲೇನ್‌ಗಳು ಎಷ್ಟೇ ಚೆಂದ ಇರಲಿ. ಹಿಂದಿನ ಸಲದ ಡಿಎನ್‌ಎಯೋ ಪಕ್ಕದವರ ಡಿಎನ್‌ಎಯೋ ನಿಮ್ಮ ನೀರಿಗೆ, ಬಫರಿಗೆ, ಪೈಪೆಟ್ಟಿಗೆ ಸೇರಿಕೊಂಡಿದೆ. ಎಪಿಎಂಸಿ ಯಾರ್ಡಿನ ವೇಬ್ರಿಡ್ಜ್ ನೋಡಿದ್ದೀರಲ್ಲ? ಖಾಲಿ ಲಾರಿ ತೂಕ ಮಾಡದೆ ತುಂಬಿದ ಲಾರಿಯ ತೂಕ ಮಾತ್ರ ಹೇಳಿದರೆ ಯಾವ ರೈತನೂ ಚೀಟಿ ತೆಗೆದುಕೊಳ್ಳುವುದಿಲ್ಲ. ನೀರಿನ ಲೇನ್ ಅಂದರೆ ಖಾಲಿ ಲಾರಿ. ಇದಕ್ಕೆ ನೆಗೆಟಿವ್ ಕಂಟ್ರೋಲ್ ಅನ್ನುತ್ತೇವೆ. ಹಾಗೆಯೇ, ಖಂಡಿತ ಗೆರೆ ಬರಲೇಬೇಕಾದ ಸ್ಯಾಂಪಲ್ ಒಂದನ್ನು ಇನ್ನೊಂದು ಕೊನೆಗೆ ಹಾಕಿರಬೇಕು. ಅದರಲ್ಲೂ ಗೆರೆ ಬರದಿದ್ದರೆ ತಪ್ಪು ಹುಳುವಿನದ್ದಲ್ಲ, ರಿಯಾಕ್ಷನ್ನಿನದ್ದು.

ನಮ್ಮ ಎಂಎಸ್ಸಿ ಪ್ರಾಕ್ಟಿಕಲ್‌ಗಳಲ್ಲಿ ಇದಕ್ಕೆ ಬೆಲೆ ಕಡಿಮೆ. ಟೀಚರ್ ಕೊಟ್ಟ ಸ್ಯಾಂಪಲ್, ರೆಕಾರ್ಡ್ ಪುಸ್ತಕದಲ್ಲಿ ಮೊದಲೇ ಇರುವ ಉತ್ತರ. ಉತ್ತರ ಬಂದರೆ ಪೂರ್ತಿ ಅಂಕ. ಬರದಿದ್ದರೆ ಪಕ್ಕದವರ ಜೆಲ್ ನೋಡಿ ಬರೆಯುವುದು. ಹೀಗೆ ಎರಡು ವರ್ಷ ಕಳೆದವರು ಸಂಶೋಧನೆಗೆ ಬಂದಾಗ ಮೊದಲ ಸಲ ಬೇಡದ ಉತ್ತರ ಬಂದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಅದು ಅವರ ತಪ್ಪು ಅಂತ ನನಗನ್ನಿಸುವುದಿಲ್ಲ. ದೊಡ್ಡ ಸಂಸ್ಥೆಗಳ ಇಂಟರ್‌ವ್ಯೂಗಳಲ್ಲಿ ಮಾತ್ರ ನೇರವಾಗಿ ಇದನ್ನೇ ಕೇಳುತ್ತಾರೆ. ನಿನ್ನ ಪ್ರಾಜೆಕ್ಟಿನಲ್ಲಿ ಕಂಟ್ರೋಲ್ ಏನಿತ್ತು? ಯಾಕೆ ಅದನ್ನೇ ಇಟ್ಟೆ? ನೀನು ಹೇಳುತ್ತಿರುವುದು ಸುಳ್ಳಾಗಿದ್ದರೆ ಹೇಗೆ ಗೊತ್ತಾಗುತ್ತಿತ್ತು? ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಹೋದವರು ಇಲ್ಲಿ ತಡವರಿಸುತ್ತಾರೆ. ಸಣ್ಣ ಕಾಲೇಜಿನಲ್ಲಿ ಸಣ್ಣ ಕೆಲಸವನ್ನೇ ಸರಿಯಾಗಿ ಮಾಡಿ ಹೋದವರು ಧೈರ್ಯವಾಗಿ ಮಾತಾಡುತ್ತಾರೆ.

ದಾರಿ ಯಾವುದು ಅಂತ ಬೇಗ ಹೇಳಿಬಿಡುತ್ತೇನೆ, ಇದೆಲ್ಲ ಇಂಟರ್ನೆಟ್ಟಿನಲ್ಲಿದೆ. ಸಂಶೋಧನೆಗೆ ಸೇರಲು ಬರೆಯುವ ಸಿಎಸ್‌ಐಆರ್ ಯುಜಿಸಿ ನೆಟ್ ಪರೀಕ್ಷೆಯ ಲೈಫ್ ಸೈನ್ಸಸ್ ಪೇಪರ್, ಒಟ್ಟು 200 ಅಂಕ. ಅದರಲ್ಲಿ ಸಿ ಭಾಗದ್ದೇ 100 ಅಂಕ. ಪ್ರಯೋಗ ಕೊಟ್ಟು ಫಲಿತಾಂಶ ಏನು ಹೇಳುತ್ತದೆ ಅಂತ ಕೇಳುವ ಪ್ರಶ್ನೆಗಳು ಅಲ್ಲಿರುತ್ತವೆ. ಬರೀ ಗೈಡ್ ಪುಸ್ತಕ ಓದಿದವರು ಅಲ್ಲೇ ಸಿಕ್ಕಿಬೀಳುವುದು. ಟಿಐಎಫ್‌ಆರ್, ಎನ್‌ಸಿಬಿಎಸ್‌ನಂಥ ಸಂಶೋಧನಾ ಸಂಸ್ಥೆಗಳ ಕಡೆ ಹೋಗಬೇಕಾದರೆ ಅವರದೇ ಪರೀಕ್ಷೆ ಇದೆ. ಗೇಟ್ ಪರೀಕ್ಷೆ ಇದೆ. ಬಿಎಸ್ಸಿ ಆದ ಕೂಡಲೇ ಹೋಗಬೇಕು ಅನ್ನುವವರಿಗೆ ಜ್ಯಾಮ್ ಪರೀಕ್ಷೆ ಬರೆದು ಎಂಎಸ್ಸಿ, ಪಿಎಚ್‌ಡಿ ಎರಡೂ ಸೇರಿದ ಇಂಟಿಗ್ರೇಟೆಡ್ ಪಿಎಚ್‌ಡಿ ಸೇರುವ ದಾರಿ ಇದೆ. ಎಲ್ಲಕ್ಕಿಂತ ಮೊದಲು ಒಂದು ಬೇಸಿಗೆ ನಿಜವಾದ ಲ್ಯಾಬಿನಲ್ಲಿ ಕಳೆಯಿರಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ನಮ್ಮ ಮಕ್ಕಳು ಮಾರ್ಚ್‌ನಲ್ಲಿ ಎಚ್ಚರಗೊಳ್ಳುತ್ತಾರೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಇನ್ನು ಲ್ಯಾಬ್ ಆರಿಸುವುದು. ಸಂಸ್ಥೆಯ ಹೆಸರು ನೋಡಿ ಸೇರುವವರೇ ಎಲ್ಲ, ಗೈಡ್ ಹೇಗೆ ಅಂತ ಕೇಳುವವರು ಕಮ್ಮಿ. ಐದಾರು ವರ್ಷ ಬಾಳುವುದು ಯಾರ ಜೊತೆ, ಕಟ್ಟಡದ ಜೊತೆಯೇ? ಸೇರುವ ಮೊದಲು ಅಲ್ಲಿನ ಹಳೆಯ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿ. ಎಷ್ಟು ವರ್ಷಕ್ಕೆ ಮುಗಿಸುತ್ತಾರೆ? ಮಧ್ಯದಲ್ಲಿ ಬಿಟ್ಟು ಹೋದವರು ಇದ್ದಾರೆಯೇ, ಯಾಕೆ ಬಿಟ್ಟರು? ಪೇಪರಿನಲ್ಲಿ ಹೆಸರು ಹಾಕುವಾಗ ಜಗಳ ಆಗುತ್ತದೆಯೇ? ಲ್ಯಾಬಿನೊಳಗೆ ನಿಂತು ಕೇಳಿದರೆ ಎಲ್ಲ ಚೆನ್ನಾಗಿದೆ ಅನ್ನುತ್ತಾರೆ. ಕ್ಯಾಂಟೀನಿನಲ್ಲಿ ನಿಜ ಹೇಳುತ್ತಾರೆ.

ಪ್ರಶ್ನೆಗಳು ಬಂದವು. ಒಬ್ಬ ತಾಯಿ ಮೈಕ್ ಬೇಡ ಅಂತ ಹಾಗೇ ಕೇಳಿದರು: “ಇಷ್ಟು ವರ್ಷ ಓದಿಸಿದ್ರೆ ಕೊನೆಗೆ ಕೆಲಸ ಸಿಗ್ತದೇನಮ್ಮ? ಅಲ್ಲಿ ತನಕ ನಾವೇ ದುಡ್ಡು ಕಳಿಸ್ಬೇಕಾ?”

ದುಡ್ಡು ಕಳಿಸಬೇಕಾಗಿಲ್ಲ ಅಮ್ಮ, ಜೆಆರ್‌ಎಫ್ ಅನ್ನುವ ಫೆಲೋಶಿಪ್ ಸಿಕ್ಕರೆ. 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷ ಆದಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ತಿಂಗಳು ತಿಂಗಳು ಒಂದನೇ ತಾರೀಕಿಗೆ ಬರುತ್ತದೆ ಅಂತ ನಂಬಿಕೊಳ್ಳಬೇಡಿ. ಹಲವು ಸಲ ತಿಂಗಳುಗಟ್ಟಲೆ ತಡವಾಗುತ್ತದೆ, ಒಟ್ಟಿಗೆ ಬರುತ್ತದೆ. ಸೇರುವಾಗ ಸ್ವಲ್ಪ ಗಂಟು ಕೈಯಲ್ಲಿರಲಿ. ಫೆಲೋಶಿಪ್ ಇಲ್ಲದೆ ಸೇರಿದರೆ ಬಲು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಕೆಲಸದ ಮಾತು ಬಂದರೆ, ಪ್ರೊಫೆಸರ್ ಹುದ್ದೆಗಳು ತೀರಾ ಕಡಿಮೆ, ಪಿಎಚ್‌ಡಿ ಮಾಡಿದವರು ಅದಕ್ಕಿಂತ ಎಷ್ಟೋ ಜಾಸ್ತಿ. ಬೆಂಗಳೂರು, ಹೈದರಾಬಾದಿನ ಔಷಧ ಮತ್ತು ಬಯೋಟೆಕ್ ಕಂಪನಿಗಳು, ಜೆನೆಟಿಕ್ ಟೆಸ್ಟಿಂಗ್ ಲ್ಯಾಬುಗಳು, ಬೀಜದ ಕಂಪನಿಗಳು, ಪೇಟೆಂಟ್ ಕೆಲಸ, ಇವೆಲ್ಲ ಇವೆ. ಪ್ರೊಫೆಸರ್ ಆಗದಿದ್ದರೆ ಬದುಕು ಮುಗಿಯಿತು ಅಂದುಕೊಳ್ಳುವ ಮಕ್ಕಳು ಸೇರದಿರುವುದು ವಾಸಿ.

“ಮದುವೆ?” ಅಂತ ಅವರ ಪಕ್ಕದವರು ಕೇಳಿದರು. ಎಲ್ಲರೂ ನಕ್ಕರು. ಆ ತಾಯಿಯ ಮಗಳು ಮಾತ್ರ ತಲೆ ತಗ್ಗಿಸಿದಳು. ಪಿಎಚ್‌ಡಿ ನಡುವೆ ಮದುವೆಯಾದವರು ಬೇಕಾದಷ್ಟು ಜನ ಇದ್ದಾರೆ, ಮಗು ಆದವರೂ ಇದ್ದಾರೆ. ಯುಜಿಸಿಯ 2022ರ ನಿಯಮದಲ್ಲಿ 240 ದಿನದವರೆಗೆ ಹೆರಿಗೆ ರಜೆ ಇದೆ. ಮುಗಿಸಲು ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚುವರಿ ಕಾಲಾವಕಾಶ ಕೊಡಬಹುದು ಅಂತಲೂ ಇದೆ. ನಿಯಮ ಅಷ್ಟು ಹೇಳುತ್ತದೆ. ಮಿಕ್ಕಿದ್ದು ಮನೆಯವರ ಕೈಯಲ್ಲಿದೆ, ಹಾಗಾಗಿ ಪ್ರಶ್ನೆಯನ್ನು ಅವರಿಗೇ ವಾಪಸ್ ಕೊಟ್ಟೆ.

ಚಿತ್ರದುರ್ಗದಿಂದ ಬಂದಿದ್ದ ಹುಡುಗನೊಬ್ಬ ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ಪೇಪರ್ ಒಂದು ಪುಟ ಓದಲು ಅರ್ಧ ದಿನ ಬೇಕು ಅಂದ. ಮೊದಮೊದಲು ಎಲ್ಲರಿಗೂ ಅಷ್ಟೇ ಬೇಕು, ಕಾನ್ವೆಂಟಿನವರಿಗೂ. ಪೇಪರನ್ನು ಮೊದಲ ಸಾಲಿನಿಂದ ಓದಬೇಡಿ. ಚಿತ್ರಗಳನ್ನು ನೋಡಿ. ಜೆಲ್ ಇದ್ದರೆ ಕಂಟ್ರೋಲ್ ಯಾವುದು ಅಂತ ಹುಡುಕಿ. ಈ ಚಿತ್ರದಿಂದ ಏನು ಗೊತ್ತಾಗುತ್ತದೆ ಅಂತ ಕನ್ನಡದಲ್ಲೇ ಒಂದು ಸಾಲು ಬರೆದುಕೊಳ್ಳಿ. ಆಮೇಲೆ ಲೇಖಕರು ಏನು ಹೇಳಿದ್ದಾರೆ ಓದಿ. ಎರಡೂ ಹೊಂದದಿದ್ದರೆ ತಪ್ಪು ನಿಮ್ಮದೇ ಅಂತ ತೀರ್ಮಾನಿಸಬೇಡಿ. ಎಷ್ಟೋ ಸಲ ಅವರದ್ದಿರುತ್ತದೆ.

ಕೊನೆಗೆ ಜಗಳೂರು ಕಡೆಯ ಹುಡುಗಿ ಕೇಳಿದಳು: “ನಮ್ಮ ಕಾಲೇಜಲ್ಲಿ ಪಿಸಿಆರ್ ಮಷಿನ್ನೇ ಇಲ್ಲ ಮೇಡಂ. ನಾವೇನ್ ಮಾಡ್ಬೇಕು?”

ಎರಡು ದಾರಿ. ಹುಳು ಹಿಡಿದು ಎಥನಾಲ್‌ನಲ್ಲಿಟ್ಟು ಮಷಿನ್ ಇರುವ ಕಡೆ ಹೋಗುವುದು ಒಂದು. ವಿಶ್ವವಿದ್ಯಾಲಯ, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯ, ಹಿರಿಯೂರಿನ ಬಬ್ಬೂರು ಫಾರ್ಮ್, ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಸಂಶೋಧನಾ ಕೇಂದ್ರ, ಹೀಗೆ ಸುತ್ತಮುತ್ತ ಕೇಳಬಹುದಾದ ಜನ ಇದ್ದಾರೆ. ಸರಿಯಾಗಿ ಲೇಬಲ್ ಮಾಡಿದ ಸ್ಯಾಂಪಲ್ ಹಿಡಿದು ಬಂದ ವಿದ್ಯಾರ್ಥಿಯನ್ನು ಬಾಗಿಲಿಂದಲೇ ವಾಪಸ್ ಕಳಿಸುವವರು ಕಡಿಮೆ. ಒಂದು ತುಂಡನ್ನು ಓದಿಸಲು ಹೊರಗಿನ ಕಂಪನಿಗಳು ತೆಗೆದುಕೊಳ್ಳುವುದೂ ಕೆಲವು ನೂರು ರೂಪಾಯಿ. ನಿಮ್ಮ ಮೇಷ್ಟ್ರಿಗೂ ಒಂದು ಮಾತು ಹೇಳಿ. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಐಐಎಸ್‌ಸಿಯ ಸುಮಾರು 1500 ಎಕರೆ ಕ್ಯಾಂಪಸ್ ಇದೆ, ಅಲ್ಲಿ ಶಿಕ್ಷಕರಿಗೆ ಪ್ರಯೋಗ ಮಾಡಿಸುವ ತರಬೇತಿ ನಡೆಯುತ್ತದೆ.

ಎರಡನೆಯದು ನೊಣ. ಕೊಳೆತ ಬಾಳೆಹಣ್ಣಿನ ಮೇಲೆ ಹಾರಾಡುವ ಪುಟ್ಟ ನೊಣ, ಡ್ರೊಸೊಫಿಲಾ. ಇದಕ್ಕೆ ಯಂತ್ರ ಬೇಡ. ಗೋಧಿ ರವೆ, ಬೆಲ್ಲ, ಅಗರ್ ಹಾಕಿ ಕುದಿಸಿ, ಬೂಷ್ಟು ಬರದಂತೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ ಸೇರಿಸಿ, ಬಾಟಲಿಗೆ ಸುರಿದು, ಹತ್ತಿಯ ಬಿರಡೆ ಹಾಕಿದರೆ ಆಯಿತು. ಮೈಸೂರಿನಲ್ಲಿ ನೊಣ ಸಾಕುವುದು ಇದೇ ರವೆ ಬೆಲ್ಲದ ಮೇಲೆ. ಅಲ್ಲಿ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ಬೇರೆ ಬೇರೆ ಕಣ್ಣು, ರೆಕ್ಕೆಯ ತಳಿಗಳನ್ನು ಇಟ್ಟಿದ್ದಾರೆ. ನಿಮ್ಮ ವಿಭಾಗದಿಂದ ಬರೆದು ಕೇಳಿ. 25 ಡಿಗ್ರಿಯಲ್ಲಿ ಹತ್ತು ದಿನಕ್ಕೆ ಒಂದು ಪೀಳಿಗೆ. ದಾವಣಗೆರೆಯ ಏಪ್ರಿಲ್‌ನಲ್ಲಿ ಬಾಟಲಿಯನ್ನು ಮಣ್ಣಿನ ಕುಂಡದೊಳಗಿಟ್ಟು ಸುತ್ತ ಒದ್ದೆ ಗೋಣಿಚೀಲ ಹಾಕಿ, ಇಲ್ಲದಿದ್ದರೆ ಸೆಕೆಗೆ ಗಂಡು ನೊಣಗಳು ಬಂಜೆಯಾಗುತ್ತವೆ.

ಬಿಳಿ ಕಣ್ಣಿನ ಹೆಣ್ಣು, ಕೆಂಪು ಕಣ್ಣಿನ ಗಂಡು ಒಂದು ಬಾಟಲಿಗೆ. ಪಕ್ಕದ ಬಾಟಲಿಗೆ ಉಲ್ಟಾ, ಕೆಂಪು ಕಣ್ಣಿನ ಹೆಣ್ಣು, ಬಿಳಿ ಕಣ್ಣಿನ ಗಂಡು. ಎರಡಕ್ಕೂ ಹೆಣ್ಣು ಕನ್ಯೆಯೇ ಆಗಿರಬೇಕು, ಅಂದರೆ ಕೋಶಾವಸ್ಥೆ ಮುಗಿಸಿ ನೊಣವಾಗಿ ಹೊರಬಂದು ಎಂಟು ಗಂಟೆಯೊಳಗೆ ಬೇರೆ ಮಾಡಬೇಕು. ಬೆಳಿಗ್ಗೆ ಬೇಗ ಕಾಲೇಜಿಗೆ ಬನ್ನಿ. ಎರಡೂ ಬಾಟಲಿಯ ಮಕ್ಕಳನ್ನು ಗಂಡು ಹೆಣ್ಣು ಬೇರೆ ಮಾಡಿ, ಕಣ್ಣಿನ ಬಣ್ಣ ನೋಡಿ ಎಣಿಸಿ. ಎರಡು ಬಾಟಲಿಯ ಲೆಕ್ಕ ಯಾಕೆ ಹೊಂದುವುದಿಲ್ಲ ಅಂತ ಪುಸ್ತಕ ತೆರೆಯದೆ ಬರೆದು ನನಗೆ ಕಳಿಸಿ. ಓದುತ್ತೇನೆ.